ಅಮ್ಮನ 1997ರ ವಾಷಿಂಗ್ ಮಿಷಿನ್ ಡ್ರೈಯರ್ ಬಿಚ್ಚಿ ನಾನೇ ರಿಪೇರಿ ಮಾಡಿದ್ದು

ತಿಪಟೂರಲ್ಲಿ ಅಮ್ಮನ ಹತ್ರ ಇರೋದು ಎರಡು ಟಬ್ಬಿನ ಸೆಮಿ ಆಟೋಮ್ಯಾಟಿಕ್ ಮಿಷಿನ್, 1997ರಲ್ಲಿ ಚೀಟಿ ಎತ್ತಿದ ದುಡ್ಡಲ್ಲಿ ತಗೊಂಡಿದ್ದು. ಫುಲ್ ಆಟೋಮ್ಯಾಟಿಕ್ ಕೊಡಿಸ್ತೀನಿ ಅಂತ ಎಷ್ಟು ಸಲ ಹೇಳಿದ್ರೂ ಅಮ್ಮ ಒಪ್ಪಲ್ಲ, ಅವರ ಲೆಕ್ಕ ಅವರಿಗಿದೆ, ಒಂದೇ ಸೋಪಿನ ನೀರಲ್ಲಿ ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕೊನೆಗೆ ಕಾಲೊರಸು ನೆಲ ಒರೆಸೋ ಬಟ್ಟೆ ಎಲ್ಲಾ ಮುಗಿಯುತ್ತೆ, ಉಳಿದ ನೀರು ಬಚ್ಚಲು ತೊಳೆಯೋಕೆ. ನೀರು ದಿನಾ ಬಿಡದಿರೋ ಬೀದೀಲಿ ಇದು ಸಣ್ಣ ವಿಷಯ ಅಲ್ಲ.

ಹೋದ ವರ್ಷ ಡ್ರೈಯರ್ ಕೆಟ್ಟಿತು. ಟೈಮರ್ ತಿರುಗಿಸಿದ್ರೆ ಗುಂಯ್ ಅನ್ನೋದು, ತಿರುಗ್ತಿರಲಿಲ್ಲ. ಮೆಕ್ಯಾನಿಕ್ ಬಂದು ಕಂಡೆನ್ಸರ್, ಅಂದ್ರೆ ಮೋಟರ್ ಶುರುವಾಗೋಕೆ ತಳ್ಳು ಕೊಡೋ ಭಾಗ, ಬದಲಾಯಿಸಿ ಹೋದ್ರು, ಎರಡು ತಿಂಗಳು ಓಡ್ತು, ಮತ್ತೆ ಅದೇ ಗುಂಯ್. ಎರಡನೇ ಸಲ ಬಂದವರು ಮೋಟರ್ ಹೋಗಿದೆ, ಈ ಮೋಟರ್ ಈಗ ಬರಲ್ಲ, ಗುಜರಿಗೆ ಹಾಕಿ ಅಂದ್ರು. ದಸರಾ ರಜೆಗೆ ಊರಿಗೆ ಹೋದಾಗ ಅಮ್ಮ "ನೀನೇ ಒಂದ್ಸಲ ಬಿಚ್ಚಿ ನೋಡೋ, ಆಗ್ದಿದ್ರೆ ಆಮೇಲೆ ಗುಜರಿ ಇದ್ದೇ ಇದೆ" ಅಂದ್ರು. ನಾನು ಫ್ಯಾನು ಮಿಕ್ಸಿ ರಿಪೇರಿ ಮಾಡ್ಕೊಂಡು ಬಂದವನು, ವಾಷಿಂಗ್ ಮಿಷಿನ್ ಇದೇ ಮೊದಲು.

ಪ್ಲಗ್ ಕಿತ್ತು, ಹಿಂದಿನ ಕವರ್ ತೆಗೆದು, ಮೊದಲು ಕಂಡೆನ್ಸರಿನ ಎರಡು ವೈರಿಗೂ ಬಲ್ಬ್ ಹಾಕಿದ ಹೋಲ್ಡರಿನ ಎರಡು ವೈರ್ ಮುಟ್ಟಿಸಿ ಚಾರ್ಜ್ ಇಳಿಸಿದೆ. ಪ್ಲಗ್ ತೆಗೆದ್ರೂ ಅದರಲ್ಲಿ ಕರೆಂಟ್ ಉಳಿದಿರಬಹುದು, ಇದನ್ನ ಯಾರೂ ಬಿಡಬಾರದು. ಆಮೇಲೆ ಮೀಟರ್ ಇಟ್ಟೆ. ಕಂಡೆನ್ಸರ್ ಮೇಲೆ 6 ಮೈಕ್ರೋಫ್ಯಾರಡ್ ಅಂತಿತ್ತು, ಮೀಟರ್ 5.9 ತೋರಿಸ್ತು, ಅಂದ್ರೆ ಅದು ಸರಿಯಿದೆ. ಡ್ರೈಯರ್ ಮೋಟರಿನಿಂದ ಮೂರು ವೈರ್ ಬರುತ್ತೆ, ಎರಡೆರಡು ಸೇರಿಸಿ ಅಳೆದ್ರೆ ನನಗೆ ಬಂದಿದ್ದು 38, 61, 99 ಓಮ್. ಚಿಕ್ಕವೆರಡನ್ನ ಕೂಡಿದ್ರೆ ದೊಡ್ಡದು ಬರಬೇಕು, ಬಂತು, ಹಂಗಾಗಿ ವೈಂಡಿಂಗ್, ಅಂದ್ರೆ ಮೋಟರ್ ಒಳಗಿನ ತಂತಿ ಸುರುಳಿ, ಎಲ್ಲೂ ಕಟ್ ಆಗಿಲ್ಲ. ಒಗೆಯೋ ಕಡೆ ಮೋಟರಲ್ಲಿ ಚಿಕ್ಕವೆರಡೂ ಒಂದೇ ಸಮ ಇರುತ್ತೆ, ಯಾಕಂದ್ರೆ ಅದು ಎಡಕ್ಕೂ ಬಲಕ್ಕೂ ತಿರುಗಬೇಕು. ಡ್ರೈಯರ್ ಒಂದೇ ಕಡೆ ತಿರುಗೋದು, ಅದಕ್ಕೆ ಒಂದು ವೈಂಡಿಂಗ್ ಬೇರೆ ಥರ. ಇದು ಗೊತ್ತಿಲ್ದಿದ್ರೆ ರೀಡಿಂಗ್ ಬೇರೆ ಬೇರೆ ಬಂತು ಮೋಟರ್ ಸುಟ್ಟಿದೆ ಅಂತ ತಪ್ಪು ತಿಳ್ಕೊಳ್ಳೋ ಸಾಧ್ಯತೆ ಇದೆ.

ಹಂಗಾದ್ರೆ ಯಾಕೆ ತಿರುಗ್ತಿಲ್ಲ? ಕೈಯಲ್ಲಿ ತಿರುಗಿಸಿ ನೋಡ್ಬೇಕು, ಆದ್ರೆ ಮೇಲಿಂದ ಅಲ್ಲ. ಡ್ರೈಯರ್ ಮುಚ್ಚಳ ತೆಗೆದಾಗ ಬ್ರೇಕ್ ಹಿಡ್ಕೊಂಡಿರುತ್ತೆ, ಆಗ ಬುಟ್ಟಿ ಗಟ್ಟಿ ಇರೋದೇ ಸರಿ. ಮುಚ್ಚಳ ಮುಚ್ಚಿ, ಹಿಂದಿನಿಂದ ಕೈ ಹಾಕಿ ಮೋಟರ್ ಮೇಲಿರೋ ಬ್ರೇಕ್ ಡ್ರಮ್ ತಿರುಗಿಸಿದೆ. ಗರಗರ ಅಂತ ಅರ್ಧ ಸುತ್ತು ಹೋಗಿ ನಿಂತು ಬಿಡ್ತು. ಬೇರಿಂಗ್ ಹಿಡಿದಿದೆ ಅಂತ ಅಲ್ಲೇ ಗೊತ್ತಾಯ್ತು. ಹೊಸ ಕಂಡೆನ್ಸರ್ ಹಾಕಿದಾಗ ಮೋಟರಿಗೆ ಸ್ವಲ್ಪ ಜಾಸ್ತಿ ಶಕ್ತಿ ಸಿಕ್ಕಿ ಎರಡು ತಿಂಗಳು ಹೆಂಗೋ ಎಳೆದಿದೆ ಅಷ್ಟೆ.

ಇಲ್ಲಿಗೇ ಬಿಟ್ಟು ಬೇರಿಂಗ್ ಒಂದೇ ಬದಲಾಯಿಸಿದ್ರೆ ನಾನೂ ಅದೇ ತಪ್ಪು ಮಾಡ್ತಿದ್ದೆ. ಮೋಟರ್ ತಲೆ ಮೇಲೆ ತುಕ್ಕಿನ ಗೆರೆ ಇತ್ತು, ಅದರ ಪಕ್ಕ ಬಿಳೀ ಉಪ್ಪು ಕಟ್ಟಿತ್ತು, ನಮ್ಮ ಬೋರ್ ನೀರು ಒಣಗಿದ್ರೆ ಬಿಡೋ ಅದೇ ಉಪ್ಪು. ಮೋಟರಿನ ವೈರೆಲ್ಲಾ ಕಳಚಿ ಪ್ಲಾಸ್ಟಿಕ್ ಕವರ್ ಸುತ್ತಿ, ಡ್ರೈಯರ್ ಒಳಗೆ ಎರಡು ಚೊಂಬು ನೀರು ಹಾಕಿ ಹಿಂದಿನಿಂದ ಟಾರ್ಚ್ ಬಿಟ್ಟು ನೋಡ್ತಾ ಕೂತೆ. ಸ್ವಲ್ಪ ಹೊತ್ತಿಗೆ ಶಾಫ್ಟ್ ಗುಂಟ ಒಂದು ಹನಿ ಇಳಿದು ಸೀದಾ ಮೋಟರ್ ಮೇಲೆ ಬಿತ್ತು, ಹಿಂದೇನೇ ಇನ್ನೊಂದು. ಬುಟ್ಟಿಯ ಶಾಫ್ಟ್ ಟಬ್ಬಿನ ತಳದಿಂದ ಕೆಳಗೆ ಬರೋ ಜಾಗದಲ್ಲಿ ಮಡಿಕೆ ಮಡಿಕೆಯ ರಬ್ಬರ್ ಸೀಲ್ ಇರುತ್ತೆ, ಅದರ ತುಟಿ ಸವೆದು ಹೋಗಿತ್ತು. ಮೋಟರ್ ಕೆಡಿಸಿದ್ದು ಆ ರಬ್ಬರ್.

ಬುಟ್ಟಿ ಮೇಲೆತ್ತೋಕೆ ಬ್ರೇಕ್ ಡ್ರಮ್ಮಿನ ಬೋಲ್ಟ್ ಸಡಿಲ ಮಾಡ್ಬೇಕು, 10 ನಂಬರ್ ಸ್ಪ್ಯಾನರ್ ಸಾಕು, ಆದ್ರೆ ಶಾಫ್ಟ್ ಡ್ರಮ್ಮಿಗೆ ತುಕ್ಕಲ್ಲಿ ಅಂಟಿಕೊಂಡಿತ್ತು. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ರಾತ್ರಿ ಬಿಟ್ಟೆ, ಬೆಳಗ್ಗೆ ಮತ್ತೆ ಹೊಡೆದು, ಮರದ ತುಂಡು ಅಡ್ಡ ಇಟ್ಟು ಮೆಲ್ಲಗೆ ತಟ್ಟಿ ತಟ್ಟಿ ಬಿಡಿಸಿದೆ. ಸುತ್ತಿಗೆಯಿಂದ ನೇರ ಹೊಡೆದ್ರೆ ಶಾಫ್ಟ್ ಬಗ್ಗುತ್ತೆ, ಬಗ್ಗಿದ್ರೆ ಬುಟ್ಟಿ ಜನ್ಮದಲ್ಲಿ ನೆಟ್ಟಗೆ ತಿರುಗಲ್ಲ.

ಹಳೇ ಸೀಲನ್ನ ಕವರಲ್ಲಿ ಹಾಕ್ಕೊಂಡು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಎಸ್‌ಜೆಪಿ ರೋಡಲ್ಲಿ ನಾಲ್ಕೈದು ಅಂಗಡಿ ಅಲೆದೆ. ಸೀಲ್‌ಗಳು ನೋಡೋಕೆಲ್ಲಾ ಒಂದೇ ಥರ, ಆದ್ರೆ ಒಳಗಿನ ತೂತು, ಎತ್ತರ, ಹೊರಗಿನ ಅಂಚು ಮೂರೂ ಕೂಡಬೇಕು, ಹಳೇದು ಕೈಯಲ್ಲಿ ಇದ್ದಿದ್ದಕ್ಕೇ ಸಿಕ್ಕಿತು. 140 ರೂಪಾಯಿ. ಬೇರಿಂಗ್ ಸುಲಭ, ಅದರ ಮೇಲೆ ನಂಬರ್ ಇರುತ್ತೆ, ನಮ್ಮದು 6201, ಒಳಗೆ 12 ಮಿಲಿಮೀಟರ್, ಹೊರಗೆ 32, ದಪ್ಪ 10. ನಂಬರ್ ಹಿಂದೆ ಝಡ್‌ಝಡ್ ಅಂತಿದ್ರೆ ತಗಡಿನ ಮುಚ್ಚಳ, 2ಆರ್‌ಎಸ್ ಅಂದ್ರೆ ರಬ್ಬರಿಂದು. ಹಳೇದು ತಗಡಿಂದಿತ್ತು, ನಾನು ರಬ್ಬರಿಂದು ಕೇಳಿ ತಂದೆ, ನೀರು ಹತ್ರ ಇರೋ ಜಾಗಕ್ಕೆ ಅದೇ ಸರಿ.

ಮೋಟರ್ ಬಿಚ್ಚೋಕೆ ಮುಂಚೆ ಎರಡು ಮುಚ್ಚಳಕ್ಕೂ ನಡುವಿನ ಬಾಡಿಗೂ ಮಾರ್ಕರಲ್ಲಿ ಒಂದೊಂದು ಗೆರೆ ಎಳೆದೆ, ಇಲ್ಲಾಂದ್ರೆ ವಾಪಸ್ ಕೂರಿಸುವಾಗ ಅದೇ ಜಾಗಕ್ಕೆ ಬರಲ್ಲ. ಬೇರಿಂಗ್ ಕೀಳೋಕೆ ನನ್ನ ಹತ್ರ ಪುಲ್ಲರ್ ಇರಲಿಲ್ಲ, ಬಸ್ ಸ್ಟ್ಯಾಂಡ್ ಹತ್ರದ ವೈಂಡಿಂಗ್ ಅಂಗಡಿ ಅಣ್ಣ ಕಿತ್ತು ಕೊಟ್ರು. "ಹಾಕುವಾಗ ಒಳ ರಿಂಗಿಗೆ ಮಾತ್ರ ಪೈಪ್ ಇಟ್ಟು ಹೊಡೀರಿ ಸಾರ್, ಹೊರ ರಿಂಗಿಗೆ ಹೊಡೆದ್ರೆ ಗುಂಡು ಕೂತಿರೋ ದಾರಿ ನಗ್ಗುತ್ತೆ" ಅಂತ ಹೇಳಿ ಒಂದು ಬೇರಿಂಗ್ ಅವರೇ ಹಾಕಿ ತೋರಿಸಿದ್ರು. ಮೆಗ್ಗರ್ (ಕರೆಂಟ್ ಸೋರುತ್ತಾ ಅಂತ ನೋಡೋ ಮೀಟರ್) ಇಟ್ಟಾಗ ವೈಂಡಿಂಗಿಗೂ ಮೋಟರ್ ಬಾಡಿಗೂ ನಡುವೆ 1 ಮೆಗಾ ಓಮ್ ಕೂಡ ಬರಲಿಲ್ಲ, ತೇವ ಹಿಡಿದು ಕರೆಂಟ್ ಸೋರ್ತಿತ್ತು. ಆಗ ಅಮ್ಮ ಹೇಳಿದ್ದು, ಒದ್ದೆ ಕೈಯಲ್ಲಿ ಮಿಷಿನ್ ಮುಟ್ಟಿದ್ರೆ ಎಷ್ಟೋ ದಿನದಿಂದ ಜುಮ್ ಅನ್ನುತ್ತಿತ್ತಂತೆ. ನನಗೆ ಎದೆ ಧಸಕ್ ಅಂತು. ನೋಡಿದ್ರೆ ಮಿಷಿನ್ ಬಾಡಿ ಮೇಲೆ ಹಾಕಿದ್ದ ಅರ್ತ್ ಸ್ಕ್ರೂ ಪೂರ್ತಿ ತುಕ್ಕು ತಿಂದಿದೆ, ವೈರ್ ಇದೆ, ಕನೆಕ್ಷನ್ ಇಲ್ಲ. ನಿಮ್ಮನೆ ಹಳೇ ಮಿಷಿನ್ ಜುಮ್ ಅಂದ್ರೆ ದಯವಿಟ್ಟು ಅವತ್ತೇ ಪ್ಲಗ್ ಕೀಳಿ, ರಿಪೇರಿ ಆಮೇಲೆ.

ಮೋಟರನ್ನ ರಟ್ಟಿನ ಡಬ್ಬದಲ್ಲಿಟ್ಟು ಪಕ್ಕದಲ್ಲಿ 100 ವ್ಯಾಟ್ ಹಳದಿ ಬಲ್ಬ್ ಉರಿಸಿ, ಡಬ್ಬಕ್ಕೆ ತಾಗದ ಹಾಗೆ, ಒಂದು ಹಗಲೆಲ್ಲಾ ಒಣಗಿಸಿದೆ. ಸಂಜೆ ಮೆಗ್ಗರ್ 50 ಮೆಗಾ ಓಮ್ ದಾಟ್ತು. ಅರ್ತಿಗೆ ಹೊಸ ಸ್ಕ್ರೂ, ಪೇಂಟ್ ಕೆರೆದು ಬರೀ ಲೋಹದ ಮೇಲೆ.

ಸೀಲ್ ಕೂರೋ ಜಾಗದ ಉಪ್ಪನ್ನೆಲ್ಲಾ ನಿಂಬೆಹಣ್ಣಿನ ರಸ ಹಾಕಿ ಉಜ್ಜಿ ತೆಗೆದೆ, ಶಾಫ್ಟನ್ನ ಝೀರೋ ನಂಬರ್ ಎಮ್ರಿ ಪೇಪರಲ್ಲಿ ನುಣುಪು ಮಾಡಿದೆ, ಯಾಕಂದ್ರೆ ಶಾಫ್ಟ್ ತರಿತರಿ ಇದ್ರೆ ಹೊಸ ರಬ್ಬರನ್ನೂ ತಿಂದು ಹಾಕುತ್ತೆ. ಸೀಲಿನ ತುಟಿ ಒಳಗೆ ಗ್ರೀಸ್ ತುಂಬಿ ಕೂರಿಸಿದೆ.

ಮೊದಲ ಸಲ ಜೋಡಿಸಿದಾಗ ಮೋಟರ್ ಓಡ್ತು, ಬುಟ್ಟಿ ಮಾತ್ರ ಸ್ಪೀಡ್ ಹಿಡೀಲಿಲ್ಲ. ಶಾಫ್ಟಿನ ಒಂದು ಕಡೆ ಚಪ್ಪಟೆ ಇರುತ್ತೆ, ಬೋಲ್ಟಿನ ತುದಿ ಅಲ್ಲೇ ಕೂರಬೇಕು, ನಂದು ಪಕ್ಕದಲ್ಲಿ ಕೂತು ಜಾರ್ತಿತ್ತು. ಮತ್ತೆ ಬಿಚ್ಚಿ ನೋಡ್ಕೊಂಡು ಹಾಕಿದೆ. ಬ್ರೇಕ್ ವೈರೂ ಸಡಿಲ ಆಗಿತ್ತು, ಎಳೆದು ಕಟ್ಟಿದೆ, ಈಗ ಮುಚ್ಚಳ ತೆಗೆದ್ರೆ ಎಂಟು ಎಣಿಸೋದ್ರಲ್ಲಿ ಬುಟ್ಟಿ ನಿಲ್ಲುತ್ತೆ.

ಬಿಚ್ಚಿದ್ದೀನಲ್ಲ ಅಂತ ಒಗೆಯೋ ಕಡೆ ತಳದ ಚಕ್ರವನ್ನೂ ತೆಗೆದು ತೊಳೆದೆ. ಅಡಿಯಲ್ಲಿ ಎರಡು ಹೇರ್ ಪಿನ್ನು, ಒಂದು ಷರ್ಟ್ ಗುಂಡಿ, ಒಂದು 25 ಪೈಸೆ ಸಿಕ್ತು, ನಾಲ್ಕಾಣೆ ಚಲಾವಣೆ ನಿಂತಿದ್ದೇ 2011ರಲ್ಲಿ, ಅಷ್ಟು ವರ್ಷ ಅಲ್ಲಿಗೆ ಯಾರೂ ಕೈ ಹಾಕಿರಲಿಲ್ಲ. ಅಮ್ಮ ಅದನ್ನ ತೊಳೆದು ದೇವರ ಮನೆ ಡಬ್ಬಿಗೆ ಹಾಕಿದ್ರು.

ಒಟ್ಟು ಖರ್ಚು ರೈಲು ಚಾರ್ಜ್ ಬಿಟ್ಟು 600ರ ಒಳಗೆ. ಮೋಟರ್ ಕೆಳಗೆ ಒಂದು ಹಳೇ ಪೇಪರ್ ಹಾಸಿ ಬಂದಿದ್ದೆ, ಪ್ರತಿ ಭಾನುವಾರ ಅಮ್ಮ ಪ್ಲಗ್ ಕಿತ್ತು ಟಾರ್ಚ್ ಬಿಟ್ಟು ನೋಡಿ ಫೋನ್ ಮಾಡ್ತಾರೆ, ಐದು ತಿಂಗಳಾಯ್ತು, ಪೇಪರ್ ಒಣಗೇ ಇದೆ. ಒಗೆಯೋ ಕಡೆ ಬೆಲ್ಟ್ ಬಿರುಕು ಬಿಡೋಕೆ ಶುರುವಾಗಿದೆ, ಅದರ ನಂಬರ್ ಬರ್ಕೊಂಡು ಬಂದಿದೀನಿ, ಯುಗಾದಿಗೆ ಹೋಗುವಾಗ ತಗೊಂಡು ಹೋಗ್ಬೇಕು.