ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಸಂಬಳದ ಲೆಕ್ಕ ಹಾಕುವುದು ಹೇಗೆ?

2019ರಲ್ಲಿ ಬ್ಯುರಿ ಕ್ಲಬ್ಬಿನ ಆಟಗಾರರು ಇಂಗ್ಲೆಂಡಿನ ನಾಲ್ಕನೇ ಹಂತವಾದ ಲೀಗ್ ಟೂನಲ್ಲಿ ಎರಡನೇ ಸ್ಥಾನ ಪಡೆದು ಲೀಗ್ ಒನ್‌ಗೆ ಬಡ್ತಿ ಗಿಟ್ಟಿಸಿದರು. ಅಷ್ಟರಲ್ಲಾಗಲೇ ಅವರ ಸಂಬಳ ಬಾಕಿ ಬಿದ್ದಿತ್ತು. ಆ ವರ್ಷದ ಆಗಸ್ಟ್ 27ರಂದು ಕ್ಲಬ್ಬನ್ನು ಲೀಗ್‌ನಿಂದಲೇ ಹೊರಹಾಕಲಾಯಿತು. 1894ರಿಂದ ಲೀಗ್‌ನಲ್ಲಿದ್ದ, ದೊಡ್ಡ, ಸಣ್ಣ ಕ್ಲಬ್‌ಗಳೆಲ್ಲ ಸೇರಿ ಆಡುವ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ಪನ್ನು ಎರಡು ಬಾರಿ ಗೆದ್ದಿದ್ದ ಕ್ಲಬ್ ಅದು. ಮರುವರ್ಷ ಮ್ಯಾಕಲ್ಸ್‌ಫೀಲ್ಡ್ ಟೌನ್ ಕ್ಲಬ್ಬಿನ ಸರದಿ. ಸಂಬಳ ಕೊಡದ ತಪ್ಪಿಗೆ ಅಂಕ ಕಳೆದುಕೊಂಡು, ಕೆಳಗಿನ ಲೀಗ್‌ಗೆ ಜಾರಿ, ಕೊನೆಗೆ ನ್ಯಾಯಾಲಯದ ಆದೇಶದಂತೆ ಬಾಗಿಲು ಹಾಕಿತು.

ಕೆಳಗಿನ ಲೀಗ್‌ಗಳ ಕ್ಲಬ್‌ಗಳು ಮೈದಾನದಲ್ಲಿ ಸೋತು ಮುಳುಗುವುದು ಕಡಿಮೆ. ಬರುತ್ತದೆಂಬ ಖಾತ್ರಿಯಿಲ್ಲದ ದುಡ್ಡನ್ನು ನಂಬಿ ಸಂಬಳಕ್ಕೆ ಸಹಿ ಹಾಕಿ ಮುಳುಗುವುದೇ ಹೆಚ್ಚು. ಆದ್ದರಿಂದ ಒಂದು ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ: ಖಚಿತ ಆದಾಯದಿಂದ ಸಂಬಳ ಕೊಡಿ, ಅದೃಷ್ಟದ ಆದಾಯವನ್ನು ಸಂಬಳಕ್ಕೆ ಮುಟ್ಟಬೇಡಿ. ಇದನ್ನು ಕಾಗದದ ಮೇಲೆ ಇಳಿಸುವುದು ಹೇಗೆಂದು ನೋಡೋಣ. ನೀವು ಲೀಗ್ ಟೂ ಮಟ್ಟದ ಒಂದು ಕ್ಲಬ್ಬಿನ ಖಜಾಂಚಿ ಎಂದುಕೊಳ್ಳಿ.

ಮೊದಲ ಹೆಜ್ಜೆ: ಆದಾಯವನ್ನು ಎರಡು ಪಟ್ಟಿ ಮಾಡಿ

ಮೊದಲ ಪಟ್ಟಿಯಲ್ಲಿ ಬಂದೇ ಬರುವ ಹಣ ಮಾತ್ರ ಇರಲಿ. ಲೀಗ್ ಹಂಚುವ ಪಾಲು, ಸಹಿಯಾಗಿರುವ ಪ್ರಾಯೋಜಕರ ಹಣ, ಸೀಸನ್ ಟಿಕೆಟ್, ಮೈದಾನದ ಬಾಡಿಗೆ ಇದರಲ್ಲಿ ಸೇರುತ್ತವೆ. ಪಂದ್ಯದ ದಿನದ ಟಿಕೆಟ್ ಹಣವನ್ನೂ ಸೇರಿಸಬಹುದು. ಆದರೆ ತಂಡ ಗೆಲ್ಲುತ್ತಿದ್ದ ವರ್ಷದ ಪ್ರೇಕ್ಷಕರ ಸಂಖ್ಯೆ ಹಿಡಿಯಬೇಡಿ. ಕಳೆದ ಮೂರು ವರ್ಷಗಳಲ್ಲಿ ಅತಿ ಕಡಿಮೆ ಜನ ಬಂದ ವರ್ಷದ್ದನ್ನು ಹಿಡಿಯಿರಿ.

ಎರಡನೇ ಪಟ್ಟಿಯಲ್ಲಿ ಕಪ್ ಪಂದ್ಯಗಳ ಹಣ, ಆಟಗಾರರ ಮಾರಾಟ, ಬಡ್ತಿ ಸಿಕ್ಕರೆ ಹೆಚ್ಚುವ ಆದಾಯ, ಮಾಲೀಕರು ಕೊಡುತ್ತೇನೆಂದು ಬಾಯಿಮಾತಲ್ಲಿ ಹೇಳಿದ ಮೊತ್ತ ಬರುತ್ತವೆ. ಮಾಲೀಕರ ಮಾತನ್ನು ಎರಡನೇ ಪಟ್ಟಿಗೆ ಹಾಕುವುದು ಕೆಲವರಿಗೆ ಅವಮಾನ ಅನ್ನಿಸಬಹುದು. ಆದರೂ ಹಣ ಬ್ಯಾಂಕಿಗೆ ಬಿದ್ದ ಮೇಲಷ್ಟೇ ಅದನ್ನು ಮೊದಲ ಪಟ್ಟಿಗೆ ತನ್ನಿ. ಮಾಲೀಕರ ವ್ಯಾಪಾರ ಕೆಟ್ಟರೆ ಅಥವಾ ಅವರ ಮನಸ್ಸು ಬದಲಾದರೆ ಸಂಬಳದ ಹೊರೆ ಕ್ಲಬ್ಬಿನ ತಲೆಯ ಮೇಲೇ ಉಳಿಯುತ್ತದೆ.

ಎರಡನೇ ಪಟ್ಟಿಯ ಹಣ ಹೇಗೆ ಬರುತ್ತದೆ, ಅದನ್ನು ಎಲ್ಲಿಗೆ ಹಾಕಬೇಕು ಎಂಬುದಕ್ಕೆ ಎಕ್ಸಿಟರ್ ಸಿಟಿ ಒಳ್ಳೆಯ ಉದಾಹರಣೆ. 2003ರಲ್ಲಿ ಸಾಲದಲ್ಲಿ ಮುಳುಗಿ, ಲೀಗ್‌ನಿಂದ ಕೆಳಗೆ ಬಿದ್ದಿದ್ದ ಆ ಕ್ಲಬ್ಬನ್ನು ಅಭಿಮಾನಿಗಳ ಟ್ರಸ್ಟ್ ವಹಿಸಿಕೊಂಡಿತು. 2005ರ ಜನವರಿಯಲ್ಲಿ ಎಫ್‌ಎ ಕಪ್‌ನಲ್ಲಿ ಓಲ್ಡ್ ಟ್ರಾಫರ್ಡ್‌ಗೆ ಹೋಗಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 0-0 ಡ್ರಾ ಮಾಡಿಕೊಂಡಿತು. ಅಂದು ಮೈದಾನದಲ್ಲಿ 67 ಸಾವಿರಕ್ಕೂ ಹೆಚ್ಚು ಜನರಿದ್ದರು. ಮರುಪಂದ್ಯದಲ್ಲಿ ಸೋತರೂ ಎರಡೂ ಪಂದ್ಯಗಳ ಟಿಕೆಟ್ ಹಣದಲ್ಲಿ ಪಾಲು ಸಿಕ್ಕಿತು, ಅದು ಹಳೆಯ ಸಾಲ ತೀರಿಸಲು ನೆರವಾಯಿತು. ಆ ದಾರಿ ಈಗ ಅರ್ಧ ಮುಚ್ಚಿದೆ. 2024-25ರಿಂದ ಎಫ್‌ಎ ಕಪ್‌ನ ಮೊದಲ ಸುತ್ತಿನಿಂದ ಮುಂದಕ್ಕೆ ಮರುಪಂದ್ಯಗಳಿಲ್ಲ. ಸಣ್ಣ ಕ್ಲಬ್‌ಗಳ ಪಾಲಿಗೆ ಇದು ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ.

ಮಿತಿ ಹಾಕಿ, ನಂತರ ತಲಾ ಲೆಕ್ಕಕ್ಕೆ ಬನ್ನಿ

1961ರವರೆಗೆ ಇಂಗ್ಲೆಂಡಿನಲ್ಲಿ ಯಾವ ಆಟಗಾರನಿಗೂ ವಾರಕ್ಕೆ 20 ಪೌಂಡ್‌ಗಿಂತ ಹೆಚ್ಚು ಕೊಡುವಂತಿರಲಿಲ್ಲ. ಜಿಮ್ಮಿ ಹಿಲ್ ಮುಂದಾಳತ್ವದಲ್ಲಿ ಆಟಗಾರರ ಸಂಘ ಹೋರಾಡಿ ಆ ಮಿತಿಯನ್ನು ತೆಗೆಸಿತು. ಅದು ನ್ಯಾಯವಾದ ಹೋರಾಟವೇ. 2020ರ ಆಗಸ್ಟ್‌ನಲ್ಲಿ ಕೆಳಗಿನ ಎರಡು ಲೀಗ್‌ಗಳಿಗೆ ಮತ್ತೆ ಮಿತಿ ಬಂತು. ಈ ಸಲ ಅದು ಇಡೀ ತಂಡದ ಸಂಬಳದ ಮೇಲೆ: ಲೀಗ್ ಒನ್‌ಗೆ 25 ಲಕ್ಷ ಪೌಂಡ್, ಲೀಗ್ ಟೂಗೆ 15 ಲಕ್ಷ. ಆಟಗಾರರ ಸಂಘ ಅದನ್ನೂ ಪ್ರಶ್ನಿಸಿತು, 2021ರ ಫೆಬ್ರವರಿಯಲ್ಲಿ ಮಧ್ಯಸ್ಥಿಕೆ ಮಂಡಳಿ ಅದನ್ನು ರದ್ದು ಮಾಡಿತು. ಆಗ ಮತ್ತೆ ಬಳಕೆಗೆ ಬಂದದ್ದು ಹಳೆಯ ಶೇಕಡಾ ಪದ್ಧತಿ. ಆಟಗಾರರ ಮೇಲಿನ ಖರ್ಚು ಲೀಗ್ ಒನ್‌ನಲ್ಲಿ ವಹಿವಾಟಿನ ಶೇ 60, ಲೀಗ್ ಟೂನಲ್ಲಿ ಶೇ 50 ದಾಟಬಾರದು ಎಂಬುದು ಅದರ ತಿರುಳು. ಇದರಲ್ಲೊಂದು ತೂತಿತ್ತು: ಮಾಲೀಕರು ಸುರಿದ ಹಣವನ್ನೂ ವಹಿವಾಟಿಗೆ ಸೇರಿಸಿಕೊಳ್ಳಬಹುದಿತ್ತು. ನಿಮ್ಮ ಲೆಕ್ಕದಲ್ಲಿ ಆ ತೂತು ಬೇಡ. ಮೊದಲ ಪಟ್ಟಿಯ ಅರ್ಧದಷ್ಟನ್ನೇ ಮಿತಿ ಎಂದು ಇಟ್ಟುಕೊಳ್ಳಿ.

ಖಚಿತ ಆದಾಯ 40 ಲಕ್ಷ ಪೌಂಡ್ ಎನ್ನೋಣ. ಆಟಗಾರರಿಗೆ 20 ಲಕ್ಷ. ಇದನ್ನು ಇಪ್ಪತ್ತೆರಡು ಮಂದಿಗೆ ಸೀದಾ ಭಾಗಿಸಿದರೆ ಕೆಟ್ಟಿರಿ. ಜನವರಿಯ ವರ್ಗಾವಣೆ ಕಿಟಕಿಗೆ (ಹೊಸ ಆಟಗಾರರನ್ನು ತರಲು ಅವಕಾಶವಿರುವ ಅವಧಿ) ಮತ್ತು ಗಾಯಾಳುಗಳ ಬದಲಿಗೆ 2 ಲಕ್ಷ, ಬೋನಸ್‌ಗೆ 2 ಲಕ್ಷ, ಏಜೆಂಟ್ ಮತ್ತು ಸಹಿ ಶುಲ್ಕಕ್ಕೆ 1 ಲಕ್ಷ ತೆಗೆದಿಡಿ. ಉಳಿಯುವುದು 15 ಲಕ್ಷ. ಅದರಲ್ಲೂ ಸರ್ಕಾರದ ಪಾಲಿದೆ. 2025ರ ಏಪ್ರಿಲ್‌ನಿಂದ ಬ್ರಿಟನ್ನಿನಲ್ಲಿ ವರ್ಷಕ್ಕೆ 5,000 ಪೌಂಡ್ ಮೀರಿದ ಸಂಬಳದ ಮೇಲೆ ಸಂಬಳ ಕೊಡುವವರು ಶೇ 15ರಷ್ಟು ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತೆಯ ತೆರಿಗೆ ಕಟ್ಟಬೇಕು. ಅದನ್ನೂ ಕಳೆದರೆ ತಲಾ ಸಂಬಳ ವರ್ಷಕ್ಕೆ ಸುಮಾರು 59,900 ಪೌಂಡ್, ಅಂದರೆ ವಾರಕ್ಕೆ 1,150ರ ಆಸುಪಾಸು. ಪಿಂಚಣಿ ವಂತಿಗೆಯನ್ನು ಇನ್ನೂ ಸೇರಿಸಿಲ್ಲ.

ಈಗ ತಂಡವನ್ನು ಆಡಿಸುವ ಮ್ಯಾನೇಜರ್ ಬಂದು ಕೇಳುತ್ತಾರೆ: “ಒಬ್ಬ ಸ್ಟ್ರೈಕರ್ ಸಿಗ್ತಾನೆ, ವಾರಕ್ಕೆ ಎರಡು ಸಾವಿರ, ಕೊಡೋಣವಾ?” ಅವನೊಬ್ಬನ ವಾರ್ಷಿಕ ವೆಚ್ಚ ತೆರಿಗೆ ಸೇರಿ 1,18,850 ಪೌಂಡ್. ಉಳಿದ 21 ಮಂದಿಯ ಸರಾಸರಿ ವಾರಕ್ಕೆ 40 ಪೌಂಡ್‌ನಷ್ಟು ಮಾತ್ರ ಇಳಿಯುತ್ತದೆ. ಪರವಾಗಿಲ್ಲ ಅನ್ನಿಸುತ್ತದೆ, ಅಲ್ಲವೇ? ಆದರೆ ಡ್ರೆಸ್ಸಿಂಗ್ ರೂಮಿನಲ್ಲಿ ಸಂಬಳದ ಗುಟ್ಟು ಹೆಚ್ಚು ದಿನ ನಿಲ್ಲುವುದಿಲ್ಲ. ಮುಂದಿನ ಕರಾರಿನಲ್ಲಿ ನಾಯಕ, ಗೋಲ್‌ಕೀಪರ್ ಸೇರಿ ಐದು ಮಂದಿ ವಾರಕ್ಕೆ 300 ಪೌಂಡ್ ಹೆಚ್ಚು ಕೇಳಿದರೆ ವರ್ಷಕ್ಕೆ 89,700 ಪೌಂಡ್ ಬೇಕು. ವಾರಕ್ಕೆ 1,500 ಪಡೆಯುವ ಇನ್ನೊಬ್ಬ ಆಟಗಾರನ ಖರ್ಚು ಇದು, ಆದರೆ ತಂಡಕ್ಕೆ ಹೊಸ ಆಟಗಾರ ಬಂದಿರುವುದಿಲ್ಲ. ಹೀಗಾಗಿ ಸಂಬಳದ ಮೂರು ನಾಲ್ಕು ಹಂತಗಳನ್ನು ಮೊದಲೇ ಗೊತ್ತುಮಾಡಿ, ಅತಿ ಮೇಲಿನದಕ್ಕೂ ಒಂದು ಗರಿಷ್ಠ ಇಡಿ. ಅದನ್ನು ಮುರಿಯುವ ಅಧಿಕಾರ ಮ್ಯಾನೇಜರ್‌ಗೂ ಬೇಡ, ಅಧ್ಯಕ್ಷರೊಬ್ಬರಿಗೂ ಬೇಡ. ಆಡಳಿತ ಮಂಡಳಿ ಕೂತು ತೀರ್ಮಾನಿಸಲಿ.

ಹನ್ನೆರಡು ತಿಂಗಳ ನಗದಿನ ನಕ್ಷೆ

ಇದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಹೆಚ್ಚಾಗಿ ಕಡೆಗಣಿಸುವುದೂ ಇದನ್ನೇ. ವರ್ಷದ ಲೆಕ್ಕದಲ್ಲಿ ಲಾಭ ಕಂಡರೂ ಮಾರ್ಚ್ ತಿಂಗಳ ಸಂಬಳಕ್ಕೆ ಖಾತೆಯಲ್ಲಿ ದುಡ್ಡಿಲ್ಲದಿರಬಹುದು.

ಪಂದ್ಯಗಳು ಆಗಸ್ಟ್‌ನಿಂದ ಮೇ ತನಕ. ಲೀಗ್ ಟೂನಲ್ಲಿ 46 ಪಂದ್ಯ, ತವರಿನಲ್ಲಿ 23. ಸಂಬಳ ಮಾತ್ರ ಹನ್ನೆರಡೂ ತಿಂಗಳು. ಜೂನ್, ಜುಲೈನಲ್ಲಿ ಗೇಟ್ ಕಲೆಕ್ಷನ್ ಸೊನ್ನೆ. ನಮ್ಮ ಉದಾಹರಣೆಯ ಕ್ಲಬ್ಬಿಗೆ ಒಟ್ಟು ಖರ್ಚು ತಿಂಗಳಿಗೆ 3.3 ಲಕ್ಷ ಪೌಂಡ್. ಬೇಸಿಗೆಯಲ್ಲಿ ಸೀಸನ್ ಟಿಕೆಟ್ ಮಾರಿ 6 ಲಕ್ಷ ಬಂತೆನ್ನಿ. ಎರಡು ತಿಂಗಳಿಗೇ 6.6 ಲಕ್ಷ ಬೇಕು. ಮೊದಲ ಪಂದ್ಯದ ಸೀಟಿ ಊದುವ ಮೊದಲೇ ಇಡೀ ಸೀಸನ್ನಿನ ಟಿಕೆಟ್ ಹಣ ಮುಗಿದಿರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಏಪ್ರಿಲ್‌ನಲ್ಲಿ ಬಂದ ಮುಂದಿನ ವರ್ಷದ ಟಿಕೆಟ್ ಹಣದಲ್ಲಿ ಈ ವರ್ಷದ ಸಂಬಳ ಕೊಡುವುದು. ಒಮ್ಮೆ ಈ ಚಕ್ರಕ್ಕೆ ಬಿದ್ದರೆ ಹೊರಬರಲು ಆಟಗಾರನೊಬ್ಬನನ್ನು ಮಾರಲೇಬೇಕು. ಕೊಳ್ಳುವವರಿಗೂ ನಿಮ್ಮ ಅವಸರ ಗೊತ್ತಿರುತ್ತದೆ, ಬೆಲೆ ಇಳಿಸುತ್ತಾರೆ.

ಪರಿಹಾರ ಸರಳ, ಶಿಸ್ತು ಬೇಕು. ಸೀಸನ್ ಟಿಕೆಟ್ ಹಣಕ್ಕೆ ಬೇರೆ ಖಾತೆ ತೆರೆದು, ಪ್ರತಿ ತವರು ಪಂದ್ಯ ಮುಗಿದಾಗ ಅದರ 23ನೇ ಒಂದು ಭಾಗವನ್ನಷ್ಟೇ ಹೊರತೆಗೆಯಿರಿ. ಮೊದಲ ವರ್ಷ ಇದು ಕಷ್ಟ. ಬೇಸಿಗೆಯ ಎರಡು ತಿಂಗಳಿಗೆ ಬೇಕಾದ ಹಣವನ್ನು ಎರಡನೇ ಪಟ್ಟಿಯ ಆದಾಯ ಬಂದಾಗ ಕೂಡಿಡಿ. ನಕ್ಷೆ ಬರೆಯುವಾಗ ಚಳಿಗಾಲವನ್ನೂ ಮರೆಯಬೇಡಿ: ಡಿಸೆಂಬರ್, ಜನವರಿಯಲ್ಲಿ ಅಂಕಣ ಹೆಪ್ಪುಗಟ್ಟಿ ಶನಿವಾರದ ಎರಡು ತವರು ಪಂದ್ಯ ಮುಂದಕ್ಕೆ ಹೋದರೆ ಆ ತಿಂಗಳ ಗೇಟ್ ಹಣವೇ ಇಲ್ಲ. ಮುಂದೆ ಅವನ್ನು ಮಂಗಳವಾರ ರಾತ್ರಿ ಆಡಿಸಿದಾಗ ಬರುವ ಜನವೂ ಕಡಿಮೆ.

ಕರಾರು ಬರೆಯುವಾಗ

ಮೂಲ ಸಂಬಳ ಕಡಿಮೆ, ಬೋನಸ್ ಹೆಚ್ಚು ಎಂಬ ಸೂತ್ರ ಕೇಳಲು ಚೆಂದ. ಆದರೆ ಬೋನಸ್ ಲೆಕ್ಕವನ್ನು ತಂಡ ಚೆನ್ನಾಗಿ ಆಡುತ್ತದೆ ಎಂದುಕೊಂಡೇ ಹಾಕಬೇಕು. ಗೆಲುವಿಗೆ ತಲಾ 150 ಪೌಂಡ್‌ನಂತೆ 18 ಮಂದಿಗೆ ಕೊಡುವುದಾದರೆ 12 ಗೆಲುವಿಗೆ 32,400 ಆಗುತ್ತದೆ, 26 ಗೆಲುವಿಗೆ 70,200. ಬಡ್ತಿಯ ಬೋನಸ್ ಇನ್ನೂ ಸೂಕ್ಷ್ಮ. ಕರಾರಿನಲ್ಲಿ ಬೇರೆ ಹೇಳದಿದ್ದರೆ ಅದನ್ನು ಸೀಸನ್ ಮುಗಿದ ಕೂಡಲೇ ಕೇಳುತ್ತಾರೆ. ಮೇಲಿನ ಲೀಗ್‌ನ ಹೆಚ್ಚುವರಿ ಆದಾಯ ಬರುವುದು ಮುಂದಿನ ಸೀಸನ್ನಿನಲ್ಲಿ. ಆದ್ದರಿಂದ ಬಡ್ತಿ ಬೋನಸ್ಸನ್ನು ಅಕ್ಟೋಬರ್ ಮತ್ತು ಫೆಬ್ರವರಿಯ ಎರಡು ಕಂತುಗಳಲ್ಲಿ ಕೊಡುವಂತೆ ಕರಾರಿನಲ್ಲೇ ಬರೆಸಿ. ಬಡ್ತಿ ಸಿಗುತ್ತದೆಂದು ಜನವರಿಯಲ್ಲೇ ದುಬಾರಿ ಆಟಗಾರರನ್ನು ತರುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ಕೆಳಗಿನ ಲೀಗ್‌ಗೆ ಇಳಿದರೆ ಸಂಬಳ ಇಂತಿಷ್ಟು ಶೇಕಡಾ ಇಳಿಯುತ್ತದೆ ಎಂಬ ಷರತ್ತು ಪ್ರತಿ ಬಹುವರ್ಷದ ಕರಾರಿನಲ್ಲೂ ಇರಲಿ. ಏಜೆಂಟರು ಒಪ್ಪದಿದ್ದರೆ ಒಂದೇ ವರ್ಷದ ಕರಾರು ಕೊಡಿ. ಎಲ್ಲ ಕರಾರುಗಳೂ ಒಂದೇ ಜೂನ್ 30ಕ್ಕೆ ಮುಗಿಯದಂತೆಯೂ ನೋಡಿಕೊಳ್ಳಿ.

ಇಷ್ಟು ಪಂದ್ಯ ಆಡಿದರೆ ಕರಾರು ತಾನಾಗಿ ಒಂದು ವರ್ಷ ಮುಂದುವರಿಯುತ್ತದೆ ಎಂಬ ಷರತ್ತು ಇತ್ತೀಚೆಗೆ ಎಲ್ಲೆಡೆ ಇದೆ. ನನಗೆ ಇದು ಹಿಡಿಸುವುದಿಲ್ಲ. ಇಪ್ಪತ್ತೈದನೇ ಪಂದ್ಯಕ್ಕೆ ವರ್ಷ ಸೇರುವುದಿದ್ದರೆ ಇಪ್ಪತ್ನಾಲ್ಕರ ಹೊತ್ತಿಗೆ ಅವನನ್ನು ಕೂರಿಸಿ ಎಂದು ಕಚೇರಿಯಿಂದ ಮ್ಯಾನೇಜರ್ ಮೇಲೆ ಒತ್ತಡ ಶುರುವಾಗುತ್ತದೆ. ಚೆನ್ನಾಗಿ ಆಡುತ್ತಿರುವವನಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಮುಂದುವರಿಸುವ ಹಣ ಇದ್ದರೆ ಎರಡು ವರ್ಷಕ್ಕೇ ಸಹಿ ಹಾಕಿ.

ಬೇರೆ ಕ್ಲಬ್ಬಿನಿಂದ ಕೆಲಕಾಲಕ್ಕೆ ಎರವಲು ತರುವ ಲೋನ್ ಆಟಗಾರರು ಅಗ್ಗ ಅನ್ನಿಸುತ್ತಾರೆ. ಸಂಬಳದಲ್ಲಿ ನಿಮ್ಮ ಪಾಲೆಷ್ಟು, ಅವನನ್ನು ಆಡಿಸದಿದ್ದರೆ ಆ ಪಾಲು ಏರುತ್ತದೆಯೇ, ಮನೆ ಬಾಡಿಗೆ ಯಾರದು ಎಂಬುದನ್ನು ಓದಿಯೇ ಸಹಿ ಹಾಕಿ.

ಮಾರುವಾಗ ಮುಂದಿನ ಮಾರಾಟವನ್ನೂ ನೆನೆಯಿರಿ

ಎಕ್ಸಿಟರ್ ತನ್ನದೇ ಅಕಾಡೆಮಿಯಲ್ಲಿ ಬೆಳೆದ ಒಲಿ ವಾಟ್ಕಿನ್ಸ್‌ನನ್ನು 2017ರಲ್ಲಿ ಬ್ರೆಂಟ್‌ಫರ್ಡ್‌ಗೆ ಮಾರಿತು. 2020ರಲ್ಲಿ ಬ್ರೆಂಟ್‌ಫರ್ಡ್ ಅವನನ್ನು ಆಸ್ಟನ್ ವಿಲ್ಲಾಗೆ ಮಾರಿದಾಗ ಎಕ್ಸಿಟರ್‌ಗೂ ಪಾಲು ಬಂತು. ಮರುಮಾರಾಟದ ಪಾಲಿಗಾಗಿ ಮೊದಲ ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟರೂ ತಪ್ಪಿಲ್ಲ. ಬೇರೆ ದೇಶದ ಕ್ಲಬ್ಬಿಗೆ ಮಾರಾಟವಾದರೆ ಫಿಫಾದ ಐಕ್ಯತಾ ಪಾಲೂ ಇದೆ: ವರ್ಗಾವಣೆ ಶುಲ್ಕದ ಶೇ 5ರಷ್ಟನ್ನು ಆಟಗಾರನನ್ನು 12ರಿಂದ 23ನೇ ವಯಸ್ಸಿನವರೆಗೆ ತಯಾರು ಮಾಡಿದ ಕ್ಲಬ್‌ಗಳಿಗೆ ಹಂಚಬೇಕು. 12ರಿಂದ 15ರವರೆಗೆ ವರ್ಷಕ್ಕೆ ಶೇ 0.25, ನಂತರ ವರ್ಷಕ್ಕೆ ಶೇ 0.5. ಇದಕ್ಕೆ ನೋಂದಣಿ ದಾಖಲೆಗಳು ಬೇಕು, ಆದ್ದರಿಂದ ಹನ್ನೆರಡರ ಹುಡುಗನ ಕಾಗದವನ್ನೂ ಜೋಪಾನವಾಗಿಡಿ. ಬಂದ ಹಣ ಎರಡನೇ ಪಟ್ಟಿಗೆ ಸೇರಿದ್ದು: ಸಾಲ, ಬೇಸಿಗೆಯ ನಿಧಿ, ಅಂಕಣ, ಅಕಾಡೆಮಿ, ಈ ಕ್ರಮದಲ್ಲಿ ಹೋಗಲಿ.

ಸಂಬಳಕ್ಕೆ ಹಣ ಸಾಲದೆಂದು ಕಂಡಾಗ

ನಗದಿನ ನಕ್ಷೆ ಇದ್ದರೆ ಇದು ಎರಡು ಮೂರು ತಿಂಗಳ ಮೊದಲೇ ಕಾಣುತ್ತದೆ. ಆಗ ಅನೇಕ ಕ್ಲಬ್‌ಗಳು ಮೊದಲು ನಿಲ್ಲಿಸುವುದು ತೆರಿಗೆಯನ್ನು, ಏಕೆಂದರೆ ತೆರಿಗೆ ಇಲಾಖೆ ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ಕೇಳುವುದಿಲ್ಲ. ಇದೇ ದೊಡ್ಡ ತಪ್ಪು. ಆಟಗಾರರ ಸಂಬಳದಿಂದ ಕಡಿದುಕೊಂಡ ತೆರಿಗೆ ಕ್ಲಬ್ಬಿನ ದುಡ್ಡೇ ಅಲ್ಲ. ಬಾಕಿ ಉಳಿಸಿದರೆ ಲೀಗ್ ಹೊಸ ಆಟಗಾರರ ನೋಂದಣಿಗೆ ತಡೆ ಹಾಕುತ್ತದೆ. ಇಲಾಖೆ ಕ್ಲಬ್ ಮುಚ್ಚಿಸಲು ನ್ಯಾಯಾಲಯಕ್ಕೆ ಹೋದರೆ, ಅರ್ಜಿಯ ಪ್ರಕಟಣೆ ಕಂಡ ಬ್ಯಾಂಕು ಖಾತೆಯನ್ನೇ ತಡೆಹಿಡಿಯಬಹುದು. ಗಡುವಿಗೆ ಮೊದಲೇ ಹೋಗಿ ಕಂತು ಕೇಳಿ. ಆ ಅವಕಾಶ ಇದೆ.

ಆಟಗಾರರಿಗೆ ಸುದ್ದಿ ನಿಮ್ಮಿಂದಲೇ ತಿಳಿಯಲಿ, ಸಂಬಳದ ದಿನಕ್ಕೆ ಮುಂಚೆಯೇ ತಿಳಿಯಲಿ. ವಾರಕ್ಕೆ ಐದಾರು ನೂರು ಪೌಂಡ್ ಪಡೆಯುವ ಹುಡುಗನಿಗೂ ಬಾಡಿಗೆ, ಸಾಲದ ಕಂತು ಇರುತ್ತವೆ. ಅಂಥವರಿಗೆ ಪೂರ್ತಿ ಕೊಟ್ಟು, ಹೆಚ್ಚು ಪಡೆಯುವವರನ್ನು ಕಾಯುವಂತೆ ಕೇಳಿಕೊಂಡು, ಅದನ್ನು ದಿನಾಂಕ ಸಹಿತ ಬರೆದುಕೊಡಿ. ಫಿಫಾ ನಿಯಮದ ಪ್ರಕಾರ ಎರಡು ತಿಂಗಳ ಸಂಬಳ ಬಾಕಿ ಬಿದ್ದರೆ 15 ದಿನದ ನೋಟಿಸ್ ಕೊಟ್ಟು ಆಟಗಾರ ಕರಾರು ಮುರಿದುಕೊಂಡು ಹೋಗಬಹುದು. ಆಗ ಮಾರಿ ಹಣ ಮಾಡಬಹುದಾಗಿದ್ದವನೂ ಬರಿಗೈಲಿ ಹೋದಂತೆ.

ಸಾಲ ತೀರಿಸಲಾಗದೆ ಕ್ಲಬ್ಬನ್ನು ಹೊರಗಿನ ಆಡಳಿತಗಾರರಿಗೆ ಒಪ್ಪಿಸುವ ದಿವಾಳಿ ಆಡಳಿತಕ್ಕೆ ಹೋದರೆ ಇಂಗ್ಲಿಷ್ ಲೀಗ್‌ನಲ್ಲಿ 12 ಅಂಕ ಕಡಿತ. ಅಂಕಗಳನ್ನು ಮತ್ತೆ ಗಳಿಸಬಹುದು. ಆದರೆ ಲೀಗ್‌ನಲ್ಲಿ ಉಳಿಯಬೇಕಾದರೆ ಆಟಗಾರರ ಮತ್ತು ಇತರ ಕ್ಲಬ್‌ಗಳ ಬಾಕಿಯನ್ನು ಪೂರ್ತಿ ತೀರಿಸಬೇಕೆಂಬ ನಿಯಮವಿದೆ. ಅವರಿಗೆ ಕೊಟ್ಟ ಮೇಲೆ, ಬಸ್ಸಿನವರು, ಮುದ್ರಣಾಲಯ, ಬಟ್ಟೆ ಒಗೆಯುವವರಂಥ, ಕ್ಲಬ್ಬಿನಿಂದ ಹಣ ಬರಬೇಕಾದ ಸಣ್ಣವರಿಗೆ ಪೌಂಡ್‌ಗೆ ಕೆಲವೇ ಪೆನ್ಸ್ ಸಿಕ್ಕ ಪ್ರಕರಣಗಳು ಹಲವು. ಹಾಗಾಗಿ ಕ್ಲಬ್ ಸುಸ್ಥಿತಿಯಲ್ಲಿ ಇರುವಾಗಲೇ ಇವರ ಬಿಲ್ಲುಗಳಿಗೆ 30 ದಿನದ ಗಡುವು ಹಾಕಿಕೊಂಡು, ತೀರಿಸದ ಬಿಲ್ಲುಗಳ ಪಟ್ಟಿಯನ್ನು ಪ್ರತಿ ತಿಂಗಳು ಸಂಬಳದ ಪಟ್ಟಿಯ ಜತೆಗೇ ಆಡಳಿತ ಮಂಡಳಿಯ ಮುಂದಿಡಿ.