ಪಾಕಶಾಲೆಯ ಹಂಡೆಗೆ ಮುಚ್ಚಳ

ಹವಾಮಾನ ಬದಲಾವಣೆಯ ವಿಷಯದಲ್ಲಿ ದೇವಸ್ಥಾನದ ವತಿಯಿಂದ ಏನು ಮಾಡಬಹುದು ಎಂದು ಆಡಳಿತ ಮಂಡಳಿಯ ಯುವಕರು ಕೇಳಿದರೆ, ಬಹುಕಾಲ ಪ್ರಸಾದದ ಅಡುಗೆಯ ಉಸ್ತುವಾರಿ ನೋಡಿಕೊಂಡ ನಾನು ಮೊದಲು ಉಗ್ರಾಣದ ಲೆಕ್ಕದ ಪುಸ್ತಕ ತೆಗೆಯಲು ಹೇಳುತ್ತೇನೆ. 19 ಕಿಲೋ ಅನಿಲದ ಸಿಲಿಂಡರ್ ಒಂದು ಉರಿದು ಮುಗಿದರೆ ಸುಮಾರು 57 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಉಳಿದ ಅನ್ನವನ್ನು ಹೊಂಡಕ್ಕೆ ಸುರಿದು ಅದು ಗಾಳಿಯಾಡದೆ ಕೊಳೆತರೆ, ಅದಕ್ಕಿಂತಲೂ ಹೆಚ್ಚು ಬಿಸಿ ಹಿಡಿದಿಡುವ ಮೀಥೇನ್ ಹುಟ್ಟುತ್ತದೆ. ಶಿರಡಿಯಂಥ ದೊಡ್ಡ ಕ್ಷೇತ್ರದಲ್ಲಿ 2009ರಿಂದ ಸೂರ್ಯನ ಶಾಖದ ಹಬೆಯಲ್ಲಿ ಅಡುಗೆ ಮಾಡುವ ವ್ಯವಸ್ಥೆ ಬಂತು. ನಮ್ಮಂಥ ಊರ ಗುಡಿಗೆ ಅಷ್ಟು ಬಂಡವಾಳವಿಲ್ಲ, ಆದರೆ ಹಂಡೆಗೆ ಮುಚ್ಚಳ ಮಾಡಿಸುವುದಕ್ಕೆ ಯಾರ ಅನುದಾನವೂ ಬೇಡ.

ಬೇಳೆಯನ್ನು ಒಲೆಗೇರಿಸುವ ಮುನ್ನ ಒಂದು ಗಂಟೆಯಾದರೂ, ಕಡಲೆಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ಹುಣಸೆರಸವನ್ನು ಬೇಳೆ ಪೂರ್ತಿ ಬೆಂದ ಮೇಲೆಯೇ ಹಾಕಬೇಕು, ಏಕೆಂದರೆ ಹುಳಿ ಮೊದಲೇ ಬಿದ್ದರೆ ಬೇಳೆ ಬೇಯುವುದಕ್ಕೆ ಹಟ ಹಿಡಿಯುತ್ತದೆ, ಉರಿ ದಂಡವಾಗುತ್ತದೆ. ಅನ್ನದಲ್ಲಿ ನೀರು ಇಂಗಿ ಅಗುಳಿನ ನಡುವೆ ಚುಕ್ಕೆಯಷ್ಟು ಗಟ್ಟಿ ಉಳಿದಾಗಲೇ ಒಲೆ ಆರಿಸಿ, ಮುಚ್ಚಳದ ಮೇಲೆ ಒಗೆದ ಗೋಣಿಚೀಲ ಹೊದಿಸಿದರೆ, ಮಿಕ್ಕದ್ದನ್ನು ಒಳಗಿನ ಶಾಖವೇ ಬೇಯಿಸುತ್ತದೆ. ಮುಚ್ಚಿಟ್ಟರೆ ಅಡುಗೆ ಕಾಣುವುದಿಲ್ಲ ಎಂದು ನಮ್ಮ ಹಿರಿಯ ಅಡುಗೆಭಟ್ಟರು ಬಹಳ ದಿನ ಮುನಿಸಿಕೊಂಡಿದ್ದರು. ಮೂಗಿನಿಂದ ಅಡುಗೆ ನೋಡುವವರಿಗೆ ಕಣ್ಣು ಯಾಕೆ ಎಂದು ನಾನೂ ಸುಮ್ಮನಿರಲಿಲ್ಲ.

ಇನ್ನು ಅಳತೆ. ಒಂದು ರಥೋತ್ಸವದ ದಿನ ಮಳೆ ಬಂದು ಭಕ್ತರು ಅರ್ಧದಷ್ಟೂ ಸೇರದೆ, ಎರಡು ಕೊಪ್ಪರಿಗೆ ಚಿತ್ರಾನ್ನ ಹಳಸಿಹೋಯಿತು. ಮರುವರ್ಷದಿಂದ ಬೆಳಗಿನ ಪೂಜೆಗೆ ಬಂದವರಿಂದಲೇ ಊಟದ ಚೀಟಿ ಬರೆಸಿಕೊಂಡು, ಅದರ ಪ್ರಕಾರ ಮೊದಲ ಹಂಡೆ ಇಟ್ಟು, ಎರಡನೆಯದಕ್ಕೆ ಅಕ್ಕಿ ತೊಳೆದು ಬಸಿದಿಟ್ಟು, ಪಂಕ್ತಿ ಕುಳಿತ ಮೇಲೆಯೇ ಬೇಯಿಸತೊಡಗಿದೆವು. ಬಡಿಸುವ ಹುಡುಗರಿಗೆ ಸಣ್ಣ ಸೌಟು ಕೊಡಿ, ಮೂರು ಸುತ್ತು ಬರಲಿ. ಮಕ್ಕಳಿಗೆ ಅರ್ಧ ಎಲೆ ಸಾಕು. ಬೇಡವೆಂದು ಕೈ ಅಡ್ಡ ಹಿಡಿದವರಿಗೆ ಪ್ರಸಾದವೆಂದು ಒತ್ತಾಯಿಸುವುದು ಭಕ್ತಿಯಲ್ಲ, ಎಲೆಯಲ್ಲಿ ಬಿಡಿಸುವ ಉಪಾಯ. ಮುಟ್ಟದೆ ಉಳಿದ ಅನ್ನವನ್ನು ಬಿಸಿಯಿರುವಾಗಲೇ ಹತ್ತಿರದ ವಿದ್ಯಾರ್ಥಿನಿಲಯಕ್ಕೆ ಕಳಿಸಿ, ಸಂಜೆಯವರೆಗೆ ಕಾಯಬೇಡಿ.

ತಟ್ಟೆಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ: ಬಾಳೆ, ಮುತ್ತುಗ, ಅಡಿಕೆ ಹಾಳೆ ಇರುವ ನಾಡಿನಲ್ಲಿ ಪ್ಲಾಸ್ಟಿಕ್ ಸವರಿದ ಕಾಗದದ ತಟ್ಟೆ ತರಿಸುವುದೇ ವಿಚಿತ್ರ. ಉಂಡೆಲೆಯನ್ನೂ ನಿರ್ಮಾಲ್ಯವನ್ನೂ ಗೊಬ್ಬರ ಮಾಡುವಾಗ ಹಾರದ ನೈಲಾನ್ ದಾರ ಬಿಚ್ಚಿ ತೆಗೆಯಬೇಕು, ಒಣಗಿದ ಎಲೆ ಬೆರೆಸಿ ವಾರಕ್ಕೊಮ್ಮೆ ತಿರುವಿಹಾಕಬೇಕು. ಇಲ್ಲದಿದ್ದರೆ ಅಲ್ಲೂ ಕೊಳೆತು ನಾರುತ್ತದೆ.

ಮಸೀದಿಯವರು ವುಜೂ, ಅಂದರೆ ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆದ ನೀರನ್ನು ತೆಂಗಿನ ಬುಡಕ್ಕೆ ಹರಿಸಬಹುದು, ಚರ್ಚಿನವರು ಹಬ್ಬದೂಟಕ್ಕೆ ಇದೇ ಚೀಟಿಯ ಕ್ರಮ ಹಿಡಿಯಬಹುದು. ಯಾರೇ ಮಾಡಿದರೂ ದಾನಿಗಳ ಹೆಸರಿನ ಹಲಗೆಯ ಪಕ್ಕದಲ್ಲಿ ಇನ್ನೊಂದು ಹಲಗೆ ತೂಗುಹಾಕಿ, ಆ ತಿಂಗಳು ಉಂಡವರೆಷ್ಟು, ಸಿಲಿಂಡರ್ ಖಾಲಿಯಾದದ್ದೆಷ್ಟು, ಚೆಲ್ಲಿದ ಅನ್ನ ಎಷ್ಟು ಬಕೆಟ್ ಎಂದು ಸೀಮೆಸುಣ್ಣದಲ್ಲಿ ಬರೆಯಿರಿ. ನಮ್ಮಲ್ಲಿ ಮೊದಲ ತಿಂಗಳ ಕೊನೆಯ ಅಂಕಿಯನ್ನು ಯಾರೋ ಎರಡು ಸಲ ಅಳಿಸಿದರು, ನಾನು ಎರಡು ಸಲವೂ ಮತ್ತೆ ಬರೆದೆ.