ಹನ್ನೊಂದು ಗುಳಿ, ಹನ್ನೊಂದು ಲೆಕ್ಕ

ಚಿಕನ್‌ಪಾಕ್ಸ್ ಬಂದಾಗ ನನಗೆ ಏಳು ವರ್ಷ. ಬೊಕ್ಕೆ ಒಣಗಿ ಹಕ್ಕಳೆ ಕಟ್ಟಿದಾಗ ಕೆರೆಯಬೇಡ ಅಂತ ಮನೆಯವರೆಲ್ಲ ಹೇಳಿದರು. ಅವರೆಲ್ಲ ಮಲಗಿದ ಮೇಲೆ ಕೆರೆದೆ. ಎರಡು ವಾರಕ್ಕೆ ಅಕ್ಕನಿಗೂ ಬಂತು. ಅವಳು ಕೆರೆಯಲೇ ಇಲ್ಲವಂತೆ. ಅವಳ ಹಣೆಯಲ್ಲಿ ಒಂದೇ ಗುಳಿ, ಅದನ್ನೂ ಕೂದಲು ಇಳಿಬಿಟ್ಟು ಮುಚ್ಚಿಕೊಳ್ಳುತ್ತಾಳೆ. ನನ್ನ ಮುಖದಲ್ಲಿ ಉಳಿದದ್ದು 11.

ಇಪ್ಪತ್ತೈದು ಚಿಲ್ಲರೆ ವರ್ಷ ಅವುಗಳ ಜೊತೆ ಬದುಕಿದೆ. ಈಗ ಎದುರು ಕೂತು ಮಾತಾಡುವವರಿಗೆ ಸರಿಯಾಗಿ ಕಾಣುವುದು ಒಂದೇ. ಇಷ್ಟು ಹಳೇ ಕಲೆ ಹೋಗುವುದಿಲ್ಲ ಅಂದವರಲ್ಲಿ ಇಬ್ಬರು ಚರ್ಮದ ಡಾಕ್ಟರೂ ಇದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮೊದಲು ದುಡ್ಡು ಕಳೆದುಕೊಂಡ ಕಥೆ. ಸಿಲಿಕೋನ್ ಜೆಲ್ ಆರು ತಿಂಗಳು ಹಚ್ಚಿದೆ. ಅದು ಉಬ್ಬಿದ ಕಲೆಗೆ ಅಂತ ಆಮೇಲೆ ಗೊತ್ತಾಯಿತು. ನನ್ನದು ತಗ್ಗು. ವಿಟಮಿನ್ ಇ ಎಣ್ಣೆ ಹಚ್ಚಿದೆ, ಮೈಗೊಗ್ಗದೆ ಕೆನ್ನೆಯೆಲ್ಲ ತುರಿಕೆ. ಆಮೇಲೆ ಮನೆಯಲ್ಲೇ ಡರ್ಮಾ ರೋಲರ್, ಅಂದರೆ ಮೈತುಂಬ ಸೂಜಿ ಇರುವ ಪುಟ್ಟ ಉರುಳೆ. ಸಣ್ಣ ಸೂಜಿಯದ್ದು ಏನೂ ಮಾಡಲಿಲ್ಲ ಅಂತ 1.5 ಮಿಲಿಮೀಟರ್‌ನದ್ದು ತಂದು, ಮೊಡವೆ ಇದ್ದ ಕೆನ್ನೆಯ ಮೇಲೇ ಒತ್ತಿ ಉರುಳಿಸಿದೆ. ಮೂರನೇ ದಿನಕ್ಕೆ ಕೀವು. ಅದು ಬಿಟ್ಟುಹೋದ ಕಪ್ಪು ಚುಕ್ಕೆಗಳು ಆರೋಕೆ ನಾಲ್ಕೈದು ತಿಂಗಳು ಹಿಡಿಯಿತು. ಗುಳಿ ಮಾತ್ರ ಇದ್ದ ಹಾಗೇ ಇತ್ತು.

ಗಡ್ಡ ಬಿಟ್ಟು ಮುಚ್ಚೋಣ ಅಂದುಕೊಂಡೆ. ಆ ಕಲೆಯಲ್ಲಿ ಕೂದಲ ಬೇರೇ ಇರುವುದಿಲ್ಲ, ಅಲ್ವಾ? ದವಡೆಯ ಮೇಲೆ ಗಡ್ಡದ ನಡುವೆ ಮೂರು ಬೋಳು ಚುಕ್ಕೆ. ಮೊದಲು ಗಮನಿಸದವರೂ ಕೇಳೋಕೆ ಶುರು ಮಾಡಿದರು.

ಕೊನೆಗೆ ಲೇಸರ್. ನಾಲ್ಕು ಸಲ, ಇಡೀ ಮುಖಕ್ಕೆ. ಎರಡೂವರೆ ತಿಂಗಳ ಸಂಬಳ ಹೋಯಿತು, ಅರ್ಧ ಅಕ್ಕನ ಹತ್ತಿರ ಸಾಲ. ಮುಖಕ್ಕೆ ಹೊಳಪು ಬಂದದ್ದು ನಿಜ. ಆ ಹೊಳಪಿನಲ್ಲಿ ಗುಳಿಗಳು ಇನ್ನೂ ಚೆನ್ನಾಗಿ ಕಂಡವು!

ದಾರಿ ಸಿಕ್ಕಿದ್ದು ಬಚ್ಚಲುಮನೆಯ ಕನ್ನಡಿ ಮುಂದೆ. ಲೈಟ್ ಆರಿಸಿ, ಫೋನಿನ ಟಾರ್ಚನ್ನು ಕಿವಿಯ ಪಕ್ಕ ಹಿಡಿದು ನೋಡಿದೆ. ಬೆಳಕು ಅಡ್ಡ ಬಿದ್ದಾಗ ಒಂದೊಂದು ಗುಳಿಯ ನೆರಳೂ ಬೇರೆ. ಒಂದರದ್ದು ಮೆಲ್ಲಗೆ ಇಳಿಯುವ ತಗ್ಗು, ಇನ್ನೊಂದರದ್ದು ಬಾವಿಯ ಅಂಚಿನ ಹಾಗೆ ನೇರ ಗೋಡೆ. ಇಷ್ಟು ವರ್ಷ 11ನ್ನೂ ಒಂದೇ ಕಾಯಿಲೆ ಅಂತ ನೋಡುತ್ತಿದ್ದೆ. ನೋಟ್‌ಬುಕ್‌ನಲ್ಲಿ ಮುಖ ಬರೆದು ನಂಬರ್ ಹಾಕಿದೆ. ಆಮೇಲೆ ಎರಡು ಬೆರಳಲ್ಲಿ ಚರ್ಮವನ್ನು ಎರಡೂ ಕಡೆ ಎಳೆದು ನೋಡಿದೆ. ಎಳೆದರೆ ಮಾಯವಾಗುವುದು ಒಂದು ಜಾತಿ. ಎಳೆದರೂ ಜಗ್ಗದೆ ಕೂರುವುದು ಇನ್ನೊಂದು ಜಾತಿ. ನಕ್ಕಾಗ ಒಳಗಿನಿಂದ ದಾರ ಕಟ್ಟಿ ಎಳೆದ ಹಾಗೆ ಕುಗ್ಗುವುದು ಮೂರನೆಯದು.

ಮೂರನೇ ಡಾಕ್ಟರು ನೋಟ್‌ಬುಕ್ ನೋಡಿ ನಕ್ಕರು. ನಕ್ಕು, ಭೂತಗನ್ನಡಿ ತೆಗೆದು ಒಂದೊಂದೇ ನಂಬರ್ ನೋಡಿದರು. ಎರಡು ನಂಬರ್ ಅದಲುಬದಲು ಮಾಡಿದರು, ಉಳಿದದ್ದೆಲ್ಲ ನನ್ನ ಲೆಕ್ಕವೇ ಸರಿ.

ಸಣ್ಣಗೆ ಆಳವಾಗಿದ್ದ ನಾಲ್ಕಕ್ಕೆ ಟಿಸಿಎ ಕ್ರಾಸ್. ಟಿಸಿಎ ಅಂದರೆ ಟ್ರೈಕ್ಲೋರೋಅಸೆಟಿಕ್ ಆಸಿಡ್. 2002ರಲ್ಲಿ ಕೊರಿಯಾದ ಡಾಕ್ಟರುಗಳು ಬರೆದ ವಿಧಾನ ಇದು, ಹೊಸದೇನಲ್ಲ. ಮೊನೆ ಮಾಡಿದ ಕಡ್ಡಿಯಲ್ಲಿ ಆಸಿಡ್ ಅದ್ದಿ, ಗುಳಿಯ ತಳಕ್ಕಷ್ಟೇ ಒತ್ತುವುದು. ನನಗೆ ಹಾಕಿದ್ದು 70 ಪರ್ಸೆಂಟ್‌ನದ್ದು ಅಂತ ನೆನಪು. ಕೆಲವೇ ಸೆಕೆಂಡಿಗೆ ತಳ ಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಇದನ್ನೇ ಹಿಂದೆ ಬೇರೊಬ್ಬರ ಹತ್ತಿರ ಒಂದು ಸಲ ಮಾಡಿಸಿದ್ದೆ. ಆಸಿಡ್ ಅಂಚು ದಾಟಿ ಹರಿದು, ಗುಳಿ ತುಂಬುವ ಬದಲು ಅಗಲವಾಗಿತ್ತು. ಸುತ್ತ ಕಪ್ಪು ಉಂಗುರ ಬೇರೆ. ಹಾಗಾಗಿ ಬಾಟಲಿ ತರಿಸಿಕೊಂಡು ಮನೆಯಲ್ಲಿ ಮಾಡುತ್ತೇನೆ ಅನ್ನುವವರಿಗೆ ನನ್ನದು ಒಂದೇ ಮಾತು: ಬೇಡ. ಕೈ ಪಳಗಿದವರಿಂದಲೇ ಆರು ವಾರಕ್ಕೊಮ್ಮೆ ಐದು ಸಲ ಮಾಡಿಸಿದೆ. ಮೂರನೆಯದರ ತನಕ ವ್ಯತ್ಯಾಸವೇ ಇರಲಿಲ್ಲ. ಬಿಟ್ಟುಬಿಡೋಣ ಅಂತ ಅನ್ನಿಸಿದ್ದೂ ಆಗಲೇ.

ಒಳಗಿಂದ ಕಟ್ಟಿಹಾಕಿದ್ದ ಮೂರಕ್ಕೆ ಸಬ್‌ಸಿಷನ್. ಚರ್ಮದ ಅಡಿ ಸೂಜಿ ಆಡಿಸಿ ನಾರು ಕತ್ತರಿಸುವಾಗ ತಲೆಯೊಳಗೆ ಕರಕರ ಅಂತ ಕೇಳಿಸುತ್ತದೆ. ನೋವಿಗಿಂತ ಆ ಸದ್ದೇ ಜಾಸ್ತಿ. ಹತ್ತು ದಿನ ಕೆನ್ನೆ ನೇರಳೆ ಬಣ್ಣ. ಬಾಗಿಲಿಗೆ ಬಡಿದುಕೊಂಡೆ ಅಂತ ಆಫೀಸಿನಲ್ಲಿ ಹೇಳಿದೆ, ಯಾರೂ ನಂಬಲಿಲ್ಲ.

ನನ್ನ ಹೆಮ್ಮೆಯ ಕೆಲಸ 1ನೇ ನಂಬರ್. ಎರಡು ಹುಬ್ಬಿನ ನಡುವಿನ ದೊಡ್ಡದು, ನೇರ ಗೋಡೆಯದ್ದು. ಅದಕ್ಕೆ ಪಂಚ್ ಎಕ್ಸಿಷನ್, ಅಂದರೆ 3.5 ಮಿಲಿಮೀಟರ್‌ನ ದುಂಡು ಬ್ಲೇಡಿನಲ್ಲಿ ಗುಳಿಯನ್ನೇ ಕತ್ತರಿಸಿ ತೆಗೆದು ಹೊಲಿಗೆ. ಹೊಲಿಗೆಯ ಗೆರೆ ಉದ್ದಕ್ಕೇ ಇರಲಿ ಅಂತ ನಾನು ಹಟ ಹಿಡಿದೆ, ಯಾಕೆಂದರೆ ಹುಬ್ಬು ಗಂಟಿಕ್ಕಿದರೆ ನನಗೆ ಅಲ್ಲೇ ಉದ್ದಕ್ಕೆ ಗೆರೆ ಬೀಳುತ್ತದೆ. ಡಾಕ್ಟರೂ ಹಾಗೇ ಹಾಕುವವರಿದ್ದರಂತೆ. ಇರಲಿ, ಐಡಿಯಾ ನನ್ನದು ಅಂತಲೇ ಇಟ್ಟುಕೊಳ್ಳೋಣ. ಎರಡೇ ಹೊಲಿಗೆ, ಆರನೇ ದಿನ ಬಿಚ್ಚಿದರು. ಕನ್ನಡಿ ನೋಡಿದರೆ ಮೊದಲಿಗಿಂತ ಕೆಟ್ಟದಾಗಿದೆ. ಕೆಂಪು ಗೆರೆ.

"ಗುಳಿ ಹೋಗಿ ಗೆರೆ ಬಂತು, ಏನು ಲಾಭ ಆಯ್ತೋ?" ಅಂದಳು ಅಕ್ಕ. ಸಾಲದ ಮಾತನ್ನೂ ಸೇರಿಸಿದಳು.

ಎಂಟು ತಿಂಗಳಿಗೆ ಆ ಗೆರೆ ಹುಬ್ಬಿನ ಗೆರೆಯಲ್ಲಿ ಸೇರಿಹೋಯಿತು. ನಾನೇ ಬೆರಳಿಟ್ಟು ತೋರಿಸಿದರೂ ಜನ ಹುಡುಕುತ್ತಾರೆ. ಎರಡು ತಿಂಗಳಿಗೂ ಜಾಸ್ತಿ ರಾತ್ರಿ ಹೊತ್ತು ಪೇಪರ್ ಟೇಪ್ ಅಂಟಿಸುತ್ತಿದ್ದೆ. ಯಾವ ದಿಕ್ಕಿಗೆ ಎಳೆದು ಅಂಟಿಸಿದೆ ಅನ್ನುವುದು ನನ್ನ ಗುಟ್ಟು, ಹೇಳುವುದಿಲ್ಲ. ಕೆನ್ನೆಯ 6ನೇ ನಂಬರಿಗೂ ಇದನ್ನೇ ಮಾಡಿಸಿದೆ, ಅಲ್ಲಿ ಇಷ್ಟು ಚೆನ್ನಾಗಿ ಬರಲಿಲ್ಲ. ಅಡ್ಡ ಬೆಳಕಲ್ಲಿ ಕೂದಲೆಳೆಯಷ್ಟು ಕಾಣುತ್ತದೆ.

ಇದಕ್ಕೆಲ್ಲ ಮುಂಚೆ ಸುಮ್ನೆ ಒಂದು ಪ್ರಯೋಗ ಮಾಡಿದ್ದೆ. ಕ್ರಾಸ್ ಮಾಡಿಸಿದ್ದರಲ್ಲಿ ಎಡಕ್ಕೊಂದು ಬಲಕ್ಕೊಂದು ಗುಳಿ ಹೆಚ್ಚುಕಡಿಮೆ ಅವಳಿ. ಚಿಕಿತ್ಸೆಗೆ ಮುಂಚಿನ ಎಂಟು ತಿಂಗಳು ಎಡಗಡೆ ಮಾತ್ರ ಅಡಾಪಲೀನ್ ಅನ್ನುವ ಮೊಡವೆ ಕ್ರೀಮ್ ಹಚ್ಚಿದೆ, ಸನ್‌ಸ್ಕ್ರೀನ್ ಎರಡಕ್ಕೂ. ಎಡಗಡೆ ಬಣ್ಣ ತಿಳಿಯಾಯಿತು. ಆಳ ಎರಡೂ ಕಡೆ ಅಷ್ಟೇ. ಕ್ರೀಮ್ ಬಣ್ಣಕ್ಕೆ, ಆಳಕ್ಕಲ್ಲ ಅಂತ ಅವತ್ತು ನೋಟ್‌ಬುಕ್‌ನಲ್ಲಿ ದಪ್ಪಕ್ಷರದಲ್ಲಿ ಬರೆದೆ.

ಕ್ರಾಸ್, ಸಬ್‌ಸಿಷನ್, ಪಂಚ್, ಈ ಮೂರೂ ಕೆಲಸಕ್ಕೆ ಸೇರಿ ಹೆಚ್ಚೆಂದರೆ ಒಂದೂಕಾಲು ತಿಂಗಳ ಸಂಬಳ, ಅಂದರೆ ಲೇಸರ್‌ಗೆ ಸುರಿದದ್ದರ ಅರ್ಧ. ಒಟ್ಟು ಸಮಯ ಸುಮಾರು ಒಂದೂವರೆ ವರ್ಷ. ಕ್ರಾಸ್ ಮಾಡಿಸಿದ ನಾಲ್ಕು ಅರ್ಧಕ್ಕಿಂತ ಜಾಸ್ತಿ ತುಂಬಿವೆ. ಸಬ್‌ಸಿಷನ್‌ನ ಮೂರರಲ್ಲಿ ಒಂದು ಸ್ವಲ್ಪ ವಾಪಸ್ ಕುಗ್ಗಿದೆ. ದವಡೆಯ ಕೆಳಗಿನ ಒಂದನ್ನು ಮುಟ್ಟಲೇ ಇಲ್ಲ, ನನಗೇ ಕಾಣುವುದಿಲ್ಲ.

ಉಳಿದದ್ದು ಮೂಗಿನ ತುದಿಯ 7ನೇ ನಂಬರ್. ಅಲ್ಲಿ ಚರ್ಮ ಬಿಗಿ, ಎಳೆದು ಹೊಲಿಯಲು ಜಾಗವಿಲ್ಲ ಅಂತ ಬ್ಲೇಡ್ ಬೇಡ ಅಂದರು. ಫಿಲ್ಲರ್, ಅಂದರೆ ತಗ್ಗು ತುಂಬಿಸುವ ಇಂಜೆಕ್ಷನ್ ಕೇಳಿದೆ. ಮೂಗಿನ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಕಣ್ಣಿಗೂ ಅಪಾಯ ಅಂದರು. ಅಲ್ಲಿಗೆ ಬಿಟ್ಟೆ.

ಹೋದ ತಿಂಗಳು ಅಕ್ಕ ಬಂದಿದ್ದಳು. ಸಾಲದ ಕೊನೇ ಕಂತು ಎಣಿಸಿಕೊಂಡು ಪರ್ಸಿಗೆ ಹಾಕಿದವಳು, ಹಣೆಯ ಕೂದಲು ಪಕ್ಕಕ್ಕೆ ಸರಿಸಿ, ತನ್ನ ಫೋನಿನ ಟಾರ್ಚ್ ಹಾಕಿ ನನ್ನ ಕೈಗೆ ಕೊಟ್ಟಳು.

"ಎಳೆದು ನೋಡೋ, ಇದು ಯಾವ ಜಾತಿ?"